ಒಂದೇ ಅಚ್ಚಿನ ಪಾದಗಳು

ಜನವರಿ 11

ಪ್ರೀತಿಯ ಅಕ್ಕನಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಈ ವಾಕ್ಯ ಬರೆಯದಿದ್ದರೆ ಅಮ್ಮ ಮೇಲಿನಿಂದಲೇ ಕಿವಿ ಹಿಂಡುತ್ತಾಳೆ, ಅದಕ್ಕೇ ಬರೆದಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ, ಆಮೇಲೆ?" ಎಂದು ಎರಡು ಮಾತಿನಲ್ಲಿ ಮುಗಿಸುತ್ತೀಯ. ಕಾಗದದಲ್ಲಾದರೆ ಸ್ವಲ್ಪ ಬಾಯಿ ಬಿಡುತ್ತೀಯ.

ವಿಷಯಕ್ಕೆ ಬರುತ್ತೇನೆ. ನಮ್ಮ ಪಾದ್ರಿಗಳು ಅಂಗಡಿಗೆ ಬಂದಿದ್ದರು. ಚರ್ಚಿನ ಗೇಟಿನ ಬೋರ್ಡು ಬಣ್ಣ ಕಳೆದುಕೊಂಡಿದೆ, ಅದಕ್ಕೇ ಇರಬೇಕು ಎಂದುಕೊಂಡೆ. ಅದಲ್ಲ. ಪ್ರಸಂಗಪೀಠದ ಹಿಂದಿನ ಇಡೀ ಗೋಡೆಗೆ ಚಿತ್ರ ಬರೆಯಬೇಕಂತೆ, ಮೇ ತಿಂಗಳೊಳಗೆ. ಕೊನೆಯ ಊಟದ ದಿನ ಯೇಸು ಸೊಂಟಕ್ಕೆ ಟವೆಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದನಲ್ಲ, ಆ ಸನ್ನಿವೇಶ. ನಾನು ಅಕ್ಷರದವನು, ಮನುಷ್ಯರನ್ನು ಬರೆದು ಅಭ್ಯಾಸವಿಲ್ಲ ಎಂದೆ. ಅವರು ನಕ್ಕು, "ಅಕ್ಷರ ನೆಟ್ಟಗೆ ನಿಲ್ಲಿಸ್ತೀಯ, ಮನುಷ್ಯರನ್ನ ನಿಲ್ಲಿಸೋಕಾಗಲ್ವಾ?" ಎಂದು ಹೇಳಿ ಹೋದರು. ಇಷ್ಟು ವರ್ಷ ಔಷಧಿ ಅಂಗಡಿ, ಬೇಕರಿ, ಡ್ರೈವಿಂಗ್ ಶಾಲೆ ಎಂದು ಬರೆದವನಿಗೆ ಒಮ್ಮೆಲೇ ಹದಿಮೂರು ಜನ.

ಎಲ್ಲರೂ ಯೇಸುವಿನ ಮುಖ ಹೇಗೆ ಬರೆಯುತ್ತೀಯ ಎಂದು ಕೇಳುತ್ತಾರೆ. ನನಗೆ ಮೊಣಕಾಲಿನದೇ ಚಿಂತೆ. ಕಾಲು ತೊಳೆಯುವವನು ಒಂದು ಮೊಣಕಾಲು ಊರುತ್ತಾನಾ, ಎರಡೂ ಊರುತ್ತಾನಾ? ಹಿಮ್ಮಡಿ ಯಾವ ಕೈಯಲ್ಲಿರುತ್ತದೆ? ಕಣ್ಣು ಎಲ್ಲಿರುತ್ತದೆ? ಮಾದರಿಗೆಂದು ನನ್ನ ಹೆಂಡತಿ ಎನಿಸಿಕೊಂಡ ನಿನ್ನ ನಾದಿನಿಯನ್ನು ಕುರ್ಚಿಯಲ್ಲಿ ಕೂರಿಸಿ ಬಕೆಟ್ಟು ತಂದೆ. "ನನ್ನ ಕಾಲು ಚೊಕ್ಕಟವಾಗೇ ಇದೆ. ಅಷ್ಟೊಂದು ಭಕ್ತಿ ಬಂದಿದ್ರೆ ಪಾತ್ರೆ ತೊಳಿ" ಎಂದಳು. ತೊಳೆದೆ.

ಆಗ ನಿನ್ನ ನೆನಪಾಯಿತು. ವೃದ್ಧಾಶ್ರಮದಲ್ಲಿ ದಿನಾ ಇದೇ ಕೆಲಸ ನಿನ್ನದು. ಕಾಲಿನ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆ. ಅಂದ ಹಾಗೆ, ಭಾನುವಾರ ಆರಾಧನೆಗೆ ಹೋಗುತ್ತಿದ್ದೀಯಾ? ಹೋದ ಸಲ ಕೇಳಿದಾಗ ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಟ್ಟಿದ್ದೆ.

ನಿನ್ನ ತಮ್ಮ


ಜನವರಿ 24

ತಮ್ಮಾ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿ ಒಬ್ಬಳೇ ನಕ್ಕೆ. ಜೊತೆಯಲ್ಲಿ ಕೆಲಸ ಮಾಡುವ ಗಡಿಯಾರಕ್ಕನಿಗೆ ಅನುಮಾನ ಬಂತು. ಒಂದು ನಿಮಿಷವೂ ತಡವಾಗಿ ಬಂದವಳಲ್ಲ, ಅದಕ್ಕೇ ಆ ಹೆಸರು.

ಯೇಸುವಿಗೆ ಮೂವತ್ತು ದಾಟಿದ ವಯಸ್ಸು, ಬಡಗಿ ಕೆಲಸ ಮಾಡಿದ ಮೈ. ಎರಡೂ ಮೊಣಕಾಲು ಊರಿಸು. ನನಗೆ ಮೋಟು ಸ್ಟೂಲು ಬೇಕು. ನೀರಿನ ಬಿಸಿಯನ್ನು ಬೆರಳಲ್ಲಿ ನೋಡಬಾರದು, ಕೆಲಸ ಮಾಡಿ ಜಡ್ಡುಗಟ್ಟಿದ ಬೆರಳು ಸುಳ್ಳು ಹೇಳುತ್ತದೆ. ಮೊಣಕೈ ಅದ್ದಿ ನೋಡಬೇಕು. ಎಡ ಅಂಗೈಯಲ್ಲಿ ಹಿಮ್ಮಡಿ ಕೂರಬೇಕು. ಅದು ಸರಿಯಾಗಿ ಕೂತರೆ ಮುದುಕರ ಭಯ ಅರ್ಧ ಹೋಗುತ್ತದೆ. ಬಲಗೈ ತೊಳೆಯಲಿಕ್ಕೆ. ಬೆರಳ ಸಂದಿಗಳನ್ನು ಒರೆಸುವುದು ತೊಳೆಯುವುದಕ್ಕಿಂತ ಮುಖ್ಯ. ತೊಳೆಯುವವರು ಕಾಲನ್ನೇ ನೋಡುತ್ತೇವೆ, ಬೇರೆ ಎಲ್ಲಿ ನೋಡಲಿಕ್ಕೂ ಪುರುಸೊತ್ತಿಲ್ಲ. ತೊಳೆಸಿಕೊಳ್ಳುವವರು ಚಾವಣಿ ನೋಡುತ್ತಾರೆ, ನಾಚಿಕೆ. ತನ್ನ ಕಾಲು ತೊಳೆಯಬೇಡ ಎಂದ ಪೇತ್ರನೂ ಚಾವಣಿಯನ್ನೇ ನೋಡಿರಬೇಕು.

ಪಾದ ಹೇಗಿರುತ್ತದೆ ಎಂದು ಕೇಳಿದ್ದೀಯ. ಏಳನೇ ಹಾಸಿಗೆಗೆ ಡಿಸೆಂಬರಿನಲ್ಲಿ ಒಬ್ಬರು ಬಂದಿದ್ದಾರೆ. ಪಾರ್ಶ್ವವಾಯು ಬಡಿದು ಮಾತು ಹೋಗಿದೆ. ಅವರದನ್ನೇ ಬರೆಯುತ್ತೇನೆ. ಪಾದ ಅಗಲ, ಕಮಾನು ಚಪ್ಪಟೆ. ಹೆಬ್ಬೆರಳಿಗಿಂತ ಎರಡನೆಯ ಬೆರಳು ಉದ್ದ, ಗುಟ್ಟು ಹೇಳುವವರ ಹಾಗೆ ಹೆಬ್ಬೆರಳಿನ ಕಡೆಗೆ ಬಾಗಿದೆ. ಹಿಮ್ಮಡಿ ಒಡೆದು ಒಣಗಿದೆ. ಬಹಳ ದೂರ ನಡೆದ ಕಾಲು.

ಭಾನುವಾರ ನನಗೆ ಡ್ಯೂಟಿ. ಈಚೆಗೆ ನಾನೇ ಕೇಳಿ ಹಾಕಿಸಿಕೊಳ್ಳುತ್ತಿದ್ದೇನೆ. ಯಾಕೆ ಎಂದು ಈಗ ಕೇಳಬೇಡ.

ಅಕ್ಕ


ಫೆಬ್ರವರಿ 6

ಅಕ್ಕಾ,

ನಿನ್ನ ಏಳನೇ ಹಾಸಿಗೆಯವರ ಕಾಲು ನನ್ನದೇ! ಕಾಗದ ಓದುತ್ತಾ ಚಪ್ಪಲಿ ಬಿಟ್ಟು ನೋಡಿಕೊಂಡೆ. ಅದೇ ಉದ್ದದ ಎರಡನೆಯ ಬೆರಳು, ಅದೇ ಬಾಗು. ನಿನ್ನ ನಾದಿನಿಗೆ ತೋರಿಸಿದೆ. "ಲೋಕದಲ್ಲಿ ಇಂಥ ವಿಕಾರ ಇನ್ನೊಂದೂ ಇದೆಯಾ?" ಎಂದಳು. ಅವರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳು.

ಕೆಲಸ ಸಲೀಸಾಯಿತು. ಕನ್ನಡಿ ಮುಂದೆ ಕಾಲಿಟ್ಟುಕೊಂಡು ಬರೆದೆ, ನೀನು ಹೇಳಿದ ಒಡೆದ ಹಿಮ್ಮಡಿ ಸೇರಿಸಿದೆ. ಯೇಸು ಎರಡೂ ಮೊಣಕಾಲೂರಿ ಪೇತ್ರನ ಹಿಮ್ಮಡಿಯನ್ನು ಎಡ ಅಂಗೈಯಲ್ಲಿ ಹಿಡಿದಿದ್ದಾನೆ. ತಲೆ ಬಗ್ಗಿಸಿರುವುದರಿಂದ ಮುಖ ಕಾಣುವುದಿಲ್ಲ, ಒಂದು ಕಿವಿ ಮತ್ತು ಬೆನ್ನು ಅಷ್ಟೇ. ಇದಕ್ಕೆ ಸಭೆಯಲ್ಲಿ ಗೊಣಗಾಟ ಶುರುವಾಗಿದೆ. ನಮ್ಮ ಅಕ್ಕನ ಅನುಭವ ಎಂದು ಹೇಳಿ ನಿನ್ನ ತಲೆಗೆ ಕಟ್ಟಿದ್ದೇನೆ.

ಒಂದು ವಿಷಯ ತಲೆ ಕೊರೆಯುತ್ತಿದೆ. ಕಾಲು ತೊಳೆಯುವಾಗ ಯೂದನೂ ಅಲ್ಲೇ ಇದ್ದನಂತೆ. ಹಿಡಿದುಕೊಡಲಿಕ್ಕೆ ಹೊರಟವನು ಅಂತ ಯೇಸುವಿಗೆ ಗೊತ್ತಿತ್ತಂತೆ. ಗೊತ್ತಿದ್ದೂ ತೊಳೆದನಂತೆ. ಏನೋ ಒಂದು ಕೆಲಸ ಹೇಳಿ ಅವನನ್ನು ಮೊದಲೇ ಹೊರಗೆ ಕಳಿಸಬಹುದಿತ್ತಲ್ಲ? ಪಾದ್ರಿಗಳನ್ನು ಕೇಳಿದೆ. "ನಾನೂ ಅದನ್ನೇ ಯೋಚಿಸ್ತಾ ಇದೀನಿ" ಎಂದರು. ಪಾದ್ರಿಗಳಿಗೇ ಗೊತ್ತಿಲ್ಲದಿದ್ದರೆ ಬೋರ್ಡು ಬರೆಯುವವನ ಪಾಡೇನು?

ಹಾಗಾಗಿ ಯೂದನನ್ನು ಅಂಚಿನಲ್ಲಿ, ಬಾಗಿಲ ಪಕ್ಕದಲ್ಲಿ ಕೂರಿಸಿದ್ದೇನೆ. ಅವನಿಗೆ ಮುಖ ಹುಡುಕುವ ಕಷ್ಟವೇ ಇಲ್ಲ. ನಮ್ಮನ್ನು ಹುಟ್ಟಿಸಿದ ಆ ಹಾಡುಗಾರನ ಮುಖ ಕೊಡುತ್ತೇನೆ. ಭಾನುವಾರ ಇದೇ ಗೋಡೆಯ ಮುಂದೆ ನಿಂತು ಕೀರ್ತನೆ ಹಾಡಿ ಸಭೆಯನ್ನೆಲ್ಲ ಅಳಿಸಿದ. ಸೋಮವಾರ ಕೆಲಸ ಹುಡುಕಲು ಹೋಗುತ್ತೇನೆಂದು ಹೇಳಿ ಕಾಲಿಗೆ ಬುದ್ಧಿ ಹೇಳಿದ. ಆಗ ನನಗೆ ಆರು ವರ್ಷ, ನಿನಗೆ ಹನ್ನೆರಡು. ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ್ದಾನೆಂದು ಜನ ಹೇಳಿದ ಮೇಲೂ ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಾ ಬಾಗಿಲ ಕಡೆಗೇ ನೋಡುತ್ತಿದ್ದಳು. ಯೂದ ಮುತ್ತಿಟ್ಟು ಮೋಸ ಮಾಡಿದ, ನಮ್ಮವನು ಹಾಡಿ ಮಾಡಿದ. ಅವನನ್ನು ಅವನ ಜಾಗದಲ್ಲೇ ಕೂರಿಸುವ ಅವಕಾಶ ದೇವರೇ ಕೊಟ್ಟಿದ್ದಾನೆ. ನಿನಗೂ ಒಪ್ಪಿಗೆ ತಾನೇ?

ತಮ್ಮ


ಫೆಬ್ರವರಿ 15

ತಮ್ಮಾ,

ಆ ಮುಖ ಬೇಡ.

ಕಾರಣ ಕೇಳುತ್ತೀಯ. ಆರು ವರ್ಷದ ಹುಡುಗನಿಗೆ ಮುಖ ಎಷ್ಟು ನೆನಪಿರಲು ಸಾಧ್ಯ? ಮನುಷ್ಯರ ಮುಖ ಬದಲಾಗುತ್ತದೆ. ಕೆನ್ನೆ ಬೀಳುತ್ತದೆ, ಒಂದು ಪಕ್ಕ ಜೋತುಬೀಳುತ್ತದೆ. ಗೋಡೆಗೆ ಒಮ್ಮೆ ಹಾಕಿದ ಮುಖ ಹಾಗೇ ಉಳಿಯುತ್ತದೆ. ಬೇರೆ ಯಾರದ್ದಾದರೂ ಹಾಕು. ನಿನಗೆ ಬಣ್ಣ ಮಾರುವವನ ಮೇಲೂ ಸಿಟ್ಟಿದೆಯಲ್ಲ, ಅವನದನ್ನು ಹಾಕು.

ನಿನಗೊಂದು ಪ್ರಶ್ನೆ. ಏಳನೇ ಹಾಸಿಗೆಯವರಿಗೆ ಒಂದು ಮಾತೂ ಹೊರಡುವುದಿಲ್ಲ. ನೀರು ಬೇಕಾದರೂ ಕಣ್ಣಲ್ಲೇ ಕೇಳಬೇಕು. ಆದರೆ ಕಾಲನ್ನು ಬಿಸಿನೀರಲ್ಲಿ ಇಟ್ಟ ಕೂಡಲೇ ರಾಗ ಗುನುಗುತ್ತಾರೆ. ಶ್ರುತಿ ತಪ್ಪುವುದಿಲ್ಲ. ಹೀಗೂ ಆಗುತ್ತದೆ, ಮಾತು ಹೋದವರಿಗೆ ಹಾಡು ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಆದರೆ ನನಗೆ ತಿಳಿಯಬೇಕಾಗಿರುವುದು ಬೇರೆ. ಅವರು ಯಾರಿಗೆ ಹಾಡುತ್ತಾರೆ? ತಮಗೇನಾ, ದೇವರಿಗಾ, ಎದುರಿಗೆ ಕೂತವರಿಗಾ? ಎದುರಿಗೆ ಕೂತವರು ಯಾರೆಂದು ಅವರಿಗೆ ಗೊತ್ತಿರಬಹುದಾ?

ಅಕ್ಕ


ಫೆಬ್ರವರಿ 23

ಅಕ್ಕಾ,

ನಿನ್ನ ಮನಸ್ಸು ಅರ್ಥವಾಯಿತು. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಚರ್ಚಿಗೆ ಹೋಗುತ್ತಿದ್ದ, ನಿನಗೆ ಕೀರ್ತನೆ ಕಲಿಸಿದ. ನಾನು ಕೀರ್ತನೆ ಕಲಿಯುವ ಹೊತ್ತಿಗೆ ಕಲಿಸುವವನೇ ಇರಲಿಲ್ಲ. ನಿನಗೆ ಇನ್ನೂ ಅವನ ಮೇಲೆ ಮಮತೆ. ಇರಲಿ. ಆದರೆ ನನ್ನ ನೆನಪಿನ ಮೇಲೆ ಅನುಮಾನಪಡಬೇಡ. ಎಡ ಹುಬ್ಬಿನ ಮೇಲೆ ಮಚ್ಚೆ, ಹಿಂದಕ್ಕೆ ಬಾಚಿದ ಕೂದಲು, ಹಾಡುವಾಗ ಅರ್ಧ ಮುಚ್ಚುವ ಕಣ್ಣು. ಬರೆದಾಯಿತು, ಒಣಗಿಯೂ ಆಯಿತು. ಆರ್ಗನ್ ಬಾರಿಸುವ ಅಜ್ಜಿ ನೋಡಿ, "ಇವರ ಜೊತೆ ನಾನು ಬಾರಿಸಿದೀನಿ" ಎಂದರು. ಅಷ್ಟು ಸರಿಯಾಗಿ ಬಂದಿದೆ.

ನಿನ್ನ ಏಳನೇ ಹಾಸಿಗೆಯವರು ಯಾರಿಗಾದರೂ ಹಾಡಿಕೊಳ್ಳಲಿ. ಚೆನ್ನಾಗಿ ಹಾಡುವವರನ್ನು ನಂಬಬೇಡ, ಅಷ್ಟೇ ನಾನು ಹೇಳುವುದು.

ತಮ್ಮ


ಮಾರ್ಚ್ 9

ಅಕ್ಕಾ,

ಎರಡು ವಾರವಾಯಿತು, ಉತ್ತರವಿಲ್ಲ. ಮುನಿಸಾ? ನಾನು ಕಾಲು ಕೆರೆದು ಜಗಳಕ್ಕೆ ಹೋದೆ ಎಂದು ನಿನ್ನ ನಾದಿನಿ ಬೈದಿದ್ದಾಳೆ. ಇರಲಿ, ನನ್ನ ಮಾನ ಹೋದ ಕಥೆ ಕೇಳಿ ನಕ್ಕುಬಿಡು.

ಬೋರ್ಡು ಬರೆಯುವವರ ಕ್ರಮ ನಿನಗೆ ಗೊತ್ತಲ್ಲ. ಒಂದು ಅಕ್ಷರ ಹತ್ತು ಕಡೆ ಬೇಕಾದರೆ ಹತ್ತು ಸಲ ಬರೆಯುವುದಿಲ್ಲ. ದಪ್ಪ ಕಾಗದದ ಮೇಲೆ ಒಮ್ಮೆ ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ತೂತು ಮಾಡಿ, ಗೋಡೆಗಿಟ್ಟು ಇದ್ದಿಲ ಪುಡಿಯ ಗಂಟು ತಟ್ಟುತ್ತೇವೆ. ಚುಕ್ಕಿ ಬೀಳುತ್ತದೆ, ಚುಕ್ಕಿ ಸೇರಿಸಿದರೆ ಅಕ್ಷರ. ಕೈಗೆ ಅದೇ ಅಭ್ಯಾಸ. ಪೇತ್ರನ ಪಾದದ ಅಚ್ಚು ಹೇಗೂ ಇತ್ತು. ಉಳಿದವರಿಗೂ ಅದನ್ನೇ ತಟ್ಟಿಬಿಟ್ಟೆ. ಕೆಲವರಿಗೆ ಮಗುಚಿ ಹಾಕಿದ್ದರಿಂದ ನನಗೆ ಬೇರೆಬೇರೆಯಾಗಿಯೇ ಕಂಡಿತು.

ಆರ್ಗನ್ ಅಜ್ಜಿಗೆ ಪೆಡಲು ತುಳಿದೂ ತುಳಿದೂ ಕಾಲು ನೋಡುವ ಚಾಳಿ. ನಿನ್ನೆ ಅಭ್ಯಾಸ ಮುಗಿಸಿ ಗೋಡೆಯ ಮುಂದೆ ನಿಂತರು. "ಅಲ್ಲಪ್ಪಾ, ಹನ್ನೆರಡು ಜನವೂ ಒಬ್ಬ ತಾಯಿ ಹೊಟ್ಟೆಯಲ್ಲಿ ಹುಟ್ಟಿದವರಾ?" ಎಂದರು. ನೋಡಿದೆ. ಎಲ್ಲರಿಗೂ ಉದ್ದದ ಎರಡನೆಯ ಬೆರಳು, ಎಲ್ಲವೂ ಹೆಬ್ಬೆರಳಿಗೆ ಗುಟ್ಟು ಹೇಳುತ್ತಿವೆ. ಹಾಡಿನ ಮೇಳದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾದ್ರಿಗಳು ಮಾತ್ರ, ಹಾಗೇ ಇದ್ದರೂ ತಪ್ಪೇನಿಲ್ಲ ಎಂದರು. ಸಮಾಧಾನಕ್ಕೆ ಹೇಳಿದ್ದಿರಬೇಕು.

ಬೇರೆ ಹಾಸಿಗೆಗಳ ಕಾಲುಗಳನ್ನೂ ಬರೆದು ಕಳಿಸು, ಪುಣ್ಯ ಬರುತ್ತದೆ. ಏಳನೇ ಹಾಸಿಗೆಯವರದು ಸಾಕೋ ಸಾಕು.

ತಮ್ಮ


ಮಾರ್ಚ್ 17

ತಮ್ಮಾ,

ಕೂತು ಓದು. ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊ.

ಏಳನೇ ಹಾಸಿಗೆಯವರು ಅಪ್ಪ.

ಡಿಸೆಂಬರಿನಲ್ಲಿ ಸರ್ಕಾರಿ ಆಸ್ಪತ್ರೆಯ ಗಾಡಿಯಲ್ಲಿ ತಂದು ಬಿಟ್ಟರು. ಜೊತೆಗೆ ಯಾರೂ ಇರಲಿಲ್ಲ. ಆ ಇನ್ನೊಂದು ಸಂಸಾರ ನಿಜವೋ ಜನರ ಮಾತೋ, ನನಗೆ ಗೊತ್ತಿಲ್ಲ. ಹಾಸಿಗೆಗೆ ಹೆಸರಿನ ಚೀಟಿ ಅಂಟಿಸಿದ್ದು ನಾನೇ. ಹೆಸರು ನೋಡಿ ಮುಖ ನೋಡಿದೆ. ಹುಬ್ಬಿನ ಮೇಲಿನ ಮಚ್ಚೆ ನಿನ್ನ ನೆನಪಿನಲ್ಲಿರುವ ಜಾಗದಲ್ಲೇ ಇದೆ. ಉಳಿದ ಮುಖ ನೀನು ಬರೆದದ್ದಲ್ಲ. ಬಲಗೆನ್ನೆ ಜೋತುಬಿದ್ದಿದೆ, ಊಟ ಮಾಡಿಸಿದರೆ ಆ ಕಡೆಯಿಂದ ಸೋರುತ್ತದೆ.

ಮೊದಲ ವಾರ ಗಡಿಯಾರಕ್ಕನ ಹಾಸಿಗೆಗಳನ್ನು ನಾನು ತೆಗೆದುಕೊಂಡು ಏಳನೆಯದನ್ನು ಅವಳಿಗೆ ದಾಟಿಸಿದೆ. ಒಂದು ಭಾನುವಾರ ಅವಳು ರಜೆ ಹಾಕಿದಳು. ಬೇಸಿನ್ ತೆಗೆದುಕೊಂಡು ನಾನೇ ಹೋಗಬೇಕಾಯಿತು. ನಿಜ ಹೇಳುತ್ತೇನೆ, ನನಗೆ ಕನಿಕರ ಬರಲಿಲ್ಲ. ಬಾಗಿಲ ಕಡೆಗೇ ನೋಡುತ್ತಿದ್ದ ಅಮ್ಮನ ಕಣ್ಣು ನೆನಪಾಯಿತು. ನೀರನ್ನು ಹಾಗೇ ಸುರಿದುಬಿಡೋಣ, ಸುಟ್ಟರೆ ಸುಡಲಿ ಅನ್ನಿಸಿತು. ಕೇಳುವವರು ಯಾರು, ಕೂಗಲು ಬಾಯಿಯೂ ಇಲ್ಲ. ಅಷ್ಟರಲ್ಲಿ ಮೊಣಕೈ ತಾನಾಗಿ ನೀರಿಗೆ ಹೋಗಿತ್ತು. ಇಷ್ಟು ವರ್ಷದ ಅಭ್ಯಾಸ ಅದು. ನೀರು ಬಿಸಿ ಹೆಚ್ಚಿತ್ತು, ತಣ್ಣೀರು ಬೆರೆಸಿದೆ. ಆಮೇಲೆ ಕಾಲು ಇಟ್ಟೆ. ಅಪ್ಪ ಗುನುಗಿದರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾಡುತ್ತಿದ್ದ ಕೀರ್ತನೆಯ ಕೆಳಗಿನ ಸ್ವರ. ಮೇಲಿನ ಸ್ವರ ಯಾವಾಗಲೂ ನನ್ನದಾಗಿತ್ತು. ಅವತ್ತು ನಾನು ಬಾಯಿ ಬಿಡಲಿಲ್ಲ. ಇವತ್ತಿನವರೆಗೂ ಬಿಟ್ಟಿಲ್ಲ.

ನಾನು ಪ್ರಾರ್ಥನೆ ಮಾಡಿ ಎಷ್ಟು ದಿನವಾಯಿತೋ. ಚರ್ಚಿನಲ್ಲಿ ಕೂತರೆ ಪ್ರತಿ ಹಾಡಿಗೂ ಕೋಪ ಬರುತ್ತಿತ್ತು, ಅದಕ್ಕೇ ಹೋಗುವುದನ್ನು ಬಿಟ್ಟೆ. ಆದರೆ ಅವತ್ತು ಬೇಸಿನ್ ಚೆಲ್ಲಿ ಬಂದಾಗ, ನಾನು ಮಾಡಿದ್ದು ಏನು ಎಂದು ನನಗೇ ಕುತೂಹಲ ಹುಟ್ಟಿತು. ಮನಸ್ಸಿಗೆ ಇಷ್ಟವಿಲ್ಲದೆ ಮೊಣಕೈ ಮಾಡಿದ ಕೆಲಸವನ್ನು ದೇವರು ಲೆಕ್ಕಕ್ಕೆ ಹಿಡಿಯುತ್ತಾನಾ? ಮುಂದಿನ ಭಾನುವಾರವೂ ಡ್ಯೂಟಿ ಕೇಳಿ ಹಾಕಿಸಿಕೊಂಡೆ.

ನಿನಗೆ ಮೊದಲೇ ಯಾಕೆ ಹೇಳಲಿಲ್ಲ? ನಿನ್ನ ಸಿಟ್ಟು ಬಂದು ಸೇರುವ ಮೊದಲು ಒಂದು ಸಲ ಅವರನ್ನು ನಾನೊಬ್ಬಳೇ ನೋಡಬೇಕೆನ್ನಿಸಿತು. ಅದು ಸ್ವಾರ್ಥ, ಒಪ್ಪುತ್ತೇನೆ.

ಇನ್ನೊಂದು ಸಲ ಹೊಡೆತ ಬಂದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬಾ. ಬಂದು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ಬೈದರೂ ಸರಿ, ಅವರಿಗೆ ಕಿವಿ ಚೆನ್ನಾಗಿ ಕೇಳುತ್ತದೆ.

ಅಕ್ಕ


ಏಪ್ರಿಲ್ 4

ತಮ್ಮಾ,

ಕಾಗದ ತಲುಪಿದೆ ಎಂದು ನಾದಿನಿ ಫೋನಿನಲ್ಲಿ ಹೇಳಿದಳು. ನೀನು ಅದನ್ನು ಓದಿ ಜೇಬಿನಲ್ಲಿಟ್ಟುಕೊಂಡವನು ಮತ್ತೆ ಚರ್ಚಿನ ಕಡೆಗೇ ಹೋಗಿಲ್ಲವಂತೆ. ನಿನ್ನನ್ನು ಅವಸರಪಡಿಸುವುದಿಲ್ಲ. ಏಳನೇ ಹಾಸಿಗೆ ಹಾಗೇ ಇದೆ. ಈ ವಾರ ಗುನುಗುವುದು ಸ್ವಲ್ಪ ಕಡಿಮೆ.

ಅಕ್ಕ


ಏಪ್ರಿಲ್ 19

ಅಕ್ಕಾ,

ಬರೆಯಲು ಕೂತು ನಾಲ್ಕು ಹಾಳೆ ಹರಿದೆ. ಅದರಲ್ಲಿ ಎರಡು ತುಂಬ ನಿನಗೇ ಬೈಗುಳ. ಅವೂ ಹೋದವು.

ಹೋದ ವಾರ ಬಿಳಿ ಬಣ್ಣದ ಡಬ್ಬಿ ಹಿಡಿದು ಚರ್ಚಿಗೆ ಹೋದೆ. ಮಧ್ಯಾಹ್ನ, ಒಳಗೆ ಯಾರೂ ಇರಲಿಲ್ಲ. ಅವನ ಕಾಲುಗಳನ್ನೆಲ್ಲ ಅಳಿಸಿಬಿಡಬೇಕೆಂದೇ ಹೋದದ್ದು. ಎಲ್ಲಿಂದ ಶುರು ಮಾಡಲಿ? ಗೋಡೆಯ ಈ ತುದಿಯಿಂದ ಆ ತುದಿಯವರೆಗೂ ಅವನೇ. ಯೋಹಾನನ ಕಾಲೂ ಅವನದು, ತೋಮನ ಕಾಲೂ ಅವನದು. ಏಣಿ ಹತ್ತಿದರೆ ಏಣಿಯ ಮೇಲೆ ಇರುವುದೂ ಅದೇ ಕಾಲು, ನನ್ನದು. ಏಣಿಯ ಮೇಲೇ ಕೂತು ಅತ್ತೆ. ನಿನ್ನ ಹತ್ತಿರ ಮುಚ್ಚಿಡುವುದೇನು.

ಒಬ್ಬೊಬ್ಬರಿಗೂ ಬೇರೆಬೇರೆ ಕಾಲು ಬರೆದೆ. ಆರ್ಗನ್ ಅಜ್ಜಿಯದು, ಪಾದ್ರಿಗಳದು, ನಿನ್ನ ನಾದಿನಿಯದು (ಕೊನೆಗೂ ಒಪ್ಪಿದಳು). ಯೇಸುವಿನ ಅಂಗೈಯಲ್ಲಿದ್ದ ಪಾದ ಮಾತ್ರ ಉಳಿಯಿತು. ಕುಂಚ ಹತ್ತಿರ ಒಯ್ದೆ, ಕೈ ಬರಲಿಲ್ಲ. ಹಿಮ್ಮಡಿ ಅಷ್ಟು ಸರಿಯಾಗಿ ಕೂತಿತ್ತು. ಚಿತ್ರದ ಅಂಚಿನಲ್ಲಿ, ಬಾಗಿಲ ಹತ್ತಿರ ಅದರ ಮುಖ ಬೇರೆಯಾಗಿ ಕೂತಿತ್ತು. ಕಾಲು ಒಂದು ಕಡೆ, ತಲೆ ಒಂದು ಕಡೆ. ಎರಡು ದಿನ ಹಾಗೇ ನೋಡಿದೆ. ಆಮೇಲೆ ತಲೆಗಳನ್ನು ಅದಲುಬದಲು ಮಾಡಿದೆ. ಪೇತ್ರನನ್ನು ಬಾಗಿಲ ಹತ್ತಿರ ಕಳಿಸಿ, ಬೇಸಿನ್ನಿನ ಮುಂದೆ ಯೂದನನ್ನು ಕೂರಿಸಿದೆ. ಚಾವಣಿ ನೋಡುತ್ತಿದ್ದಾನೆ.

ಪಾದ್ರಿಗಳು ಬಂದು ನೋಡಿದರು. ಯಾರು ಯಾರೆಂದು ಕೆಳಗೆ ಹೆಸರು ಬರೆಯುತ್ತೀಯಾ ಎಂದು ಕೇಳಿದರು. ಇಲ್ಲ ಎಂದೆ. ಹುಟ್ಟಿದಾಗಿನಿಂದ ಹೆಸರು ಬರೆದೇ ಬದುಕಿದವನು, ಇದೊಂದಕ್ಕೆ ಬೇಡ. "ಅವನನ್ನು ಯಾಕೆ ಹೊರಗೆ ಕಳಿಸಲಿಲ್ಲ ಅಂತ ಕೇಳಿದ್ಯಲ್ಲ, ಗೊತ್ತಾಯ್ತಾ?" ಎಂದರು. ಗೊತ್ತಾಗಿಲ್ಲ, ಆದರೆ ಬರೆಯಲು ಬಂತು ಎಂದೆ.

ಅಪ್ಪನನ್ನು ಕ್ಷಮಿಸಿದ್ದೇನೆ ಎಂದು ತಿಳಿದುಕೊಳ್ಳಬೇಡ. ಒಳಗೆ ತಡಕಿ ನೋಡಿದೆ, ಕ್ಷಮೆ ಸಿಗಲಿಲ್ಲ. ಜೋತುಬಿದ್ದ ಆ ಕೆನ್ನೆಯನ್ನು ನಾನು ನೋಡಿಲ್ಲ, ನೋಡಬೇಕು ಅನ್ನಿಸುತ್ತಿದೆ. ಅಷ್ಟು ಮಾತ್ರ ನಿಜ. ಮೇ ಮೊದಲ ಗುರುವಾರ ಬರುತ್ತೇನೆ. ಬೇಸಿನ್ನನ್ನು ನನ್ನ ಕೈಗೆ ಕೊಡು. ಗೋಡೆಯ ಮೇಲೆ ಹೇಳಿದ್ದನ್ನು ಒಂದು ಸಲ ಕೈಯಲ್ಲಿ ಮಾಡಿ ನೋಡದಿದ್ದರೆ ನಾನೂ ಬರೀ ಹಾಡುಗಾರನಾಗುತ್ತೇನೆ.

ಒಂದು ಮಾತ್ರ ಹೇಳಿಕೊಡು. ನಾನು ಯಾರೆಂದು ತೊಳೆಯುವುದಕ್ಕೆ ಮೊದಲು ಹೇಳಲಾ, ಆಮೇಲೆ ಹೇಳಲಾ?

ತಮ್ಮ


ಏಪ್ರಿಲ್ 26

ತಮ್ಮಾ,

ನೀನು ಕೇಳಿದ ಪ್ರಶ್ನೆಯನ್ನೇ ಡಿಸೆಂಬರಿನಿಂದ ನನಗೆ ನಾನು ಕೇಳಿಕೊಳ್ಳುತ್ತಿದ್ದೇನೆ. ಇಷ್ಟು ತಿಂಗಳು ತೊಳೆದೂ ನಾನು ಮಗಳೆಂದು ಹೇಳಿಲ್ಲ. ಮೊದಲು ಸಿಟ್ಟಿಗೆ ಹೇಳಲಿಲ್ಲ, ಆಮೇಲೆ ಭಯಕ್ಕೆ. ಹೇಳಿದ ಮೇಲೆ ಗುನುಗುವುದನ್ನು ನಿಲ್ಲಿಸಿಬಿಟ್ಟರೆ?

ಮೊದಲೇ ಹೇಳಿದರೆ ಅಪ್ಪ ನಾಚಿಕೆಗೆ ಕಾಲು ಎಳೆದುಕೊಳ್ಳುತ್ತಾರೆ. ಇಲ್ಲವೇ ಅವರ ಕಣ್ಣು ನೋಡಿ ನೀನು ಕೈ ಎಳೆದುಕೊಳ್ಳುತ್ತೀಯ. ಎರಡರಲ್ಲಿ ಒಂದು ಖಂಡಿತ.

ಅದಕ್ಕೇ, ಮೊದಲು ತೊಳೆ. ಅವಸರ ಮಾಡಬೇಡ. ಒರೆಸು. ಆಮೇಲೆ ತಲೆಯೆತ್ತಿ ಹೇಳು. ನಾನು ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ. ನೀನು ಹೇಳಿದ ಮೇಲೆ ನಾನೂ ಹೇಳುತ್ತೇನೆ.

ಅಕ್ಕ